ಪೇಟೆಂಟ್ ನಂಬರ್ ತೋರಿಸಿ ಎಲೆಚುಕ್ಕಿ ಔಷಧಿ ಮಾರುತ್ತಿದ್ದಾರೆ, ಅಡಿಕೆ ಬೆಳೆಗಾರರೇ ಹುಷಾರು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ದಯವಿಟ್ಟು ಪೂರ್ತಿ ಓದಿ. ಎಲೆಚುಕ್ಕಿ ರೋಗಕ್ಕೆ ‘ಪೇಟೆಂಟ್ ಪಡೆದ’ ಔಷಧಿ ಅಂತ ಮನೆಬಾಗಿಲಿಗೇ ಬಂದು ಮಾರಿದವರನ್ನು ನಂಬಿ ನಮ್ಮ ಚಿಕ್ಕಪ್ಪ ಈ ಸಲದ ಫಸಲಿನ ಬಹುಪಾಲು ಕಳೆದುಕೊಂಡರು. ಅದೇ ಜನ ಈಗ ಬೇರೆ ಹೋಬಳಿಯಲ್ಲಿ ಓಡಾಡುತ್ತಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಬಂದದ್ದು ಮಳೆ ಹಿಡಿಯುವ ಮುಂಚೆ, ಎಲ್ಲರೂ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಹೊಂದಿಸಿಕೊಳ್ಳುವ ಹೊತ್ತಿಗೆ. ಇಬ್ಬರು, ಕೈಯಲ್ಲಿ ಟ್ಯಾಬ್. ತೋಟ ಸುತ್ತಿ, ಚುಕ್ಕಿ ಬಿದ್ದ ಸೋಗೆಗಳ ಫೋಟೊ ತೆಗೆದು, ಒಂದು ಕ್ಯಾನ್ ಮುಂದಿಟ್ಟರು. ಅದರ ಮೇಲೆ ಅಶೋಕ ಸ್ತಂಭದ ಹಾಗೆ ಕಾಣುವ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ‘ಭಾರತ ಸರ್ಕಾರದ ಪೇಟೆಂಟ್ ಸಂಖ್ಯೆ’, ಅದರ ಕೆಳಗೆ ‘ಲೈಸೆನ್ಸ್ ಸಂಖ್ಯೆ’. ಲೀಟರಿಗೆ 2,400 ರೂಪಾಯಿ. ಇದನ್ನು ಹೊಡೆದರೆ ಕೊಳೆಯೂ (ಮಳೆಗಾಲದಲ್ಲಿ ಎಳೆಗಾಯಿ ಕೊಳೆತು ಉದುರುವ ರೋಗ) ಬರುವುದಿಲ್ಲ, ಬೋರ್ಡೋ ಹೊಡೆದರೆ ಇದರ ಶಕ್ತಿ ಹೋಗುತ್ತದೆ, ಹಾಗಾಗಿ ಈ ವರ್ಷ ಮೈಲುತುತ್ತ ಬೇಡವೇ ಬೇಡ ಅಂದರು. ನಾವು ಮುಳುಗಿದ್ದು ಈ ಮಾತಿನಿಂದ. ಎಲೆಚುಕ್ಕಿ ಹೋಗಲಿಲ್ಲ ಅನ್ನುವುದು ಒಂದು ಕಡೆ, ಆಷಾಢದ ಮಳೆಗೆ ಎಳೆಗಾಯಿ ಕೊಳೆತು ಬುಡಕ್ಕೆ ಸುರಿಯಿತು. ಬೆಳಿಗ್ಗೆ ತೋಟಕ್ಕೆ ಹೋದರೆ ಪ್ರತಿ ಮರದ ಬುಡದಲ್ಲೂ ಬಿಳಿ ಬೂಸ್ಟು ಹಿಡಿದ ಹಸಿರು ಕಾಯಿ.

ಬೋರ್ಡೋ ನಮಗೆ ಇವತ್ತಿನದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೇ ಕೊಳೆರೋಗದ ಮೇಲೆ ಕೆಲಸ ಮಾಡಿ, ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಬೆಳೆಗಾರರಿಗೆ ಇದನ್ನು ತೋರಿಸಿಕೊಟ್ಟರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಯಾರ ಪೇಟೆಂಟೂ ಇದಕ್ಕಿಲ್ಲ, ಯಾರು ಬೇಕಾದರೂ ಕಲಸಿಕೊಳ್ಳಬಹುದು. ಹೊಸ ಔಷಧಿ ತೆಗೆದುಕೊಳ್ಳಿ ಅನ್ನುವವರಿಗಿಂತ, ಬೋರ್ಡೋ ಬಿಡಿ ಅನ್ನುವವರ ಬಗ್ಗೆ ಹೆಚ್ಚು ಎಚ್ಚರ ಇರಲಿ.

ಈಗ ಆ ನಂಬರಿನ ವಿಷಯ. ಪೇಟೆಂಟ್ ದಾಖಲೆ ಗುಟ್ಟಿನದ್ದಲ್ಲ. ಪೇಟೆಂಟ್ ಕಚೇರಿಯ ಐಪಿ ಇಂಡಿಯಾ ಜಾಲತಾಣದಲ್ಲಿ ‘ಇನ್‌ಪಾಸ್’ ಅನ್ನುವ ಹುಡುಕಾಟದ ಪುಟವಿದೆ, ದುಡ್ಡಿಲ್ಲ, ಮೊಬೈಲಿನಲ್ಲೇ ತೆರೆಯುತ್ತದೆ. ಕ್ಯಾನ್ ಮೇಲಿನ ನಂಬರ್ ಹಾಕಿ ನೋಡಿದೆ. ಅದು ಪೇಟೆಂಟ್ ನಂಬರೇ ಅಲ್ಲ, ಬರೀ ಅರ್ಜಿಯ ನಂಬರ್! 2016ರಿಂದೀಚೆಗೆ ಅರ್ಜಿಯ ನಂಬರಿಗೆ 12 ಅಂಕಿ. ಮೊದಲ 4 ಅಂಕಿ ವರ್ಷ, ಐದನೆಯದು ಕಚೇರಿ: ದೆಹಲಿಗೆ 1, ಮುಂಬೈಗೆ 2, ಕೋಲ್ಕತ್ತಕ್ಕೆ 3, ಚೆನ್ನೈಗೆ 4. ನಮ್ಮ ಕರ್ನಾಟಕ ಚೆನ್ನೈ ಕಚೇರಿಗೆ ಸೇರುತ್ತದೆ. ಮಂಜೂರಾದ ಪೇಟೆಂಟಿಗೆ ಸಿಗುವ ನಂಬರೇ ಬೇರೆ, ಅದು ಇಷ್ಟುದ್ದ ಇರುವುದಿಲ್ಲ. ಹಾಗಾಗಿ 2018 ಅಂತಲೋ 2021 ಅಂತಲೋ ಶುರುವಾಗುವ 12 ಅಂಕಿ ಕಂಡರೆ ಅದು ಅರ್ಜಿ ಅಂತ ಅಲ್ಲೇ ಹೇಳಿಬಿಡಬಹುದು. ಅರ್ಜಿಯನ್ನು ಯಾರು ಬೇಕಾದರೂ ಹಾಕಬಹುದು.

ದಾಖಲೆ ತೆರೆದಾಗ ಕಂಡದ್ದು ಇದು. ಅರ್ಜಿದಾರರ ಹೆಸರಿಗೂ ಕ್ಯಾನ್ ಮೇಲಿನ ಕಂಪನಿಗೂ ಸಂಬಂಧವಿಲ್ಲ. ಸಾರಾಂಶದಲ್ಲಿ ಬರೆದಿರುವುದು ದಾಸ್ತಾನಿಟ್ಟ ಕಾಳಿಗೆ ಹುಳ ಬೀಳದಂತೆ ತಡೆಯುವ ಮಿಶ್ರಣದ ಬಗ್ಗೆ. ಅಡಿಕೆ ಅನ್ನುವ ಶಬ್ದ ಹುಡುಕಿದರೂ ಇಲ್ಲ. ಸ್ಥಿತಿ ಅನ್ನುವ ಕಡೆ, ಅರ್ಜಿ ಹಿಂತೆಗೆದುಕೊಂಡಂತೆ ಪರಿಗಣಿಸಲಾಗಿದೆ ಅಂತ ಇದೆ. ಅರ್ಜಿ ಹಾಕಿದರೆ ಸಾಲದು, ಪರೀಕ್ಷೆ ಮಾಡಿ ಅಂತ ಪ್ರತ್ಯೇಕವಾಗಿ ಕೋರಬೇಕು. ಆಗ ಅದಕ್ಕೆ 48 ತಿಂಗಳ ಗಡುವಿತ್ತು, 2024ರಲ್ಲಿ ಅದನ್ನು 31 ತಿಂಗಳಿಗೆ ಇಳಿಸಿದ್ದಾರೆ. ಇವರದ್ದಕ್ಕೆ ಯಾರೂ ಕೋರಿಯೇ ಇಲ್ಲ. ಅಂದರೆ ಯಾವ ಅಧಿಕಾರಿಯೂ ಅದನ್ನು ಪರಿಶೀಲಿಸಿಲ್ಲ.

ಪೇಟೆಂಟ್ ಸಿಗದ ವಸ್ತುವನ್ನು ಪೇಟೆಂಟ್ ಪಡೆದದ್ದು ಅಂತ ಹೇಳಿ ಮಾರುವುದು ಪೇಟೆಂಟ್ ಕಾಯ್ದೆಯ 120ನೇ ಕಲಮಿನ ಪ್ರಕಾರ ತಪ್ಪು. 2023ರ ಜನ ವಿಶ್ವಾಸ್ ಕಾಯ್ದೆ ಬಂದ ಮೇಲೆ ಇದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಇನ್ನೊಂದು ಮಾತು, ಇದನ್ನು ನಮ್ಮವರು ಬಹಳ ಜನ ತಪ್ಪು ತಿಳಿದಿದ್ದಾರೆ. ಪೇಟೆಂಟ್ ನಿಜವಾಗಿಯೇ ಸಿಕ್ಕಿದ್ದರೂ, ಅದು ಹೊಸ ಆವಿಷ್ಕಾರ ಅಂತ ಮಾತ್ರ ಹೇಳುತ್ತದೆ. ನಿಮ್ಮ ತೋಟದ ರೋಗಕ್ಕೆ ಅದು ಕೆಲಸ ಮಾಡುತ್ತದೆ, ಹೊಡೆಯುವವರಿಗೆ ಅಪಾಯವಿಲ್ಲ ಅಂತ ಪೇಟೆಂಟ್ ಕಚೇರಿ ಭರವಸೆ ಕೊಡುವುದಿಲ್ಲ. ಅದನ್ನು ನೋಡಬೇಕಾದ್ದು 1968ರ ಕೀಟನಾಶಕ ಕಾಯ್ದೆಯಡಿ. ಶಿಲೀಂಧ್ರನಾಶಕವೂ ಇದರೊಳಗೇ ಬರುತ್ತದೆ. ಫರಿದಾಬಾದಿನ ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯಲ್ಲಿ ನೋಂದಣಿಯಾಗಿರಬೇಕು, ಯಾವ ಬೆಳೆಯ ಯಾವ ರೋಗಕ್ಕೆ ಒಪ್ಪಿಗೆ ಇದೆ ಅನ್ನುವ ಪಟ್ಟಿಯೂ ಅವರ ಜಾಲತಾಣದಲ್ಲಿದೆ. ಲೇಬಲ್ ಮೇಲೆ ನೋಂದಣಿ ಸಂಖ್ಯೆ, ತಯಾರಿಕಾ ಪರವಾನಗಿ, ಬ್ಯಾಚ್, ತಯಾರಾದ ದಿನ, ಅವಧಿ ಮುಗಿಯುವ ದಿನ ಇರಬೇಕು. ವಿಷದ ಮಟ್ಟ ತೋರಿಸುವ ಓರೆ ಚೌಕವೂ ಇರಬೇಕು: ಕೆಂಪು, ಹಳದಿ, ನೀಲಿ ಇಲ್ಲವೇ ಹಸಿರು. ನಮ್ಮ ಮನೆಯ ಕ್ಯಾನ್ ಮೇಲೆ ಆ ಚೌಕವೇ ಇರಲಿಲ್ಲ. ‘ಲೈಸೆನ್ಸ್ ಸಂಖ್ಯೆ’ ಅಂತ ಹಾಕಿದ್ದು 29ರಿಂದ ಶುರುವಾಗುವ 15 ಅಕ್ಷರ, ಅಂದರೆ ಕರ್ನಾಟಕದ ಜಿಎಸ್‌ಟಿ ಸಂಖ್ಯೆ. ತೆರಿಗೆಗೆ ಹೆಸರು ನೋಂದಾಯಿಸಿದ ಯಾವ ಅಂಗಡಿಗೂ ಅದು ಇರುತ್ತದೆ.

ಫೋನ್ ಮಾಡಿ ಕೇಳಿದ್ದಕ್ಕೆ, ‘ಇದು ಔಷಧಿ ಅಲ್ಲ ಸಾರ್, ಟಾನಿಕ್’ ಅಂತ ವರಸೆ ಬದಲಾಯಿಸಿದರು. ಟಾನಿಕ್ ಆಗಿದ್ದರೆ, ಅಂಥ ಜೈವಿಕ ಪ್ರಚೋದಕಗಳನ್ನು (ಗಿಡದ ಬೆಳವಣಿಗೆಗೆ ನೆರವಾಗುವ ವಸ್ತುಗಳು) 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದ್ದಾರೆ, ರೋಗ ವಾಸಿ ಮಾಡುತ್ತದೆ ಅಂತ ಹೇಳಿ ಅದನ್ನು ಮಾರುವ ಹಾಗಿಲ್ಲ. ಆಮೇಲೆ ಅವರ ಫೋನ್ ಸ್ವಿಚ್ ಆಫ್.

ಕೊಟ್ಟಿದ್ದ ಚೀಟಿಯ ಮೇಲೆ ‘ಎಸ್ಟಿಮೇಟ್’ ಅಂತಿದೆ, ಬಿಲ್ ಅಲ್ಲ. ಗ್ರಾಹಕರ ಆಯೋಗಕ್ಕೆ ಹೋಗಲು ನಮಗೆ ಇದೇ ದೊಡ್ಡ ತೊಡಕಾಗಿದೆ. ಶಿವಮೊಗ್ಗದಲ್ಲೇ ಜಿಲ್ಲಾ ಆಯೋಗವಿದೆ, 2 ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಬಿಲ್ ಇದ್ದರೆ ದಾರಿ ಸಲೀಸು. ಬ್ಯಾಚ್ ನಂಬರ್ ಬರೆದ ಬಿಲ್ ಕೊಡದವರ ಹತ್ತಿರ ಒಂದು ಪ್ಯಾಕೆಟನ್ನೂ ಕೊಳ್ಳಬೇಡಿ. ಅನುಮಾನ ಬಂದರೆ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರನ್ನೋ ತೋಟಗಾರಿಕೆ ಇಲಾಖೆಯವರನ್ನೋ ಮೊದಲು ಕೇಳಿ, ಆಮೇಲೆ ದುಡ್ಡು ಬಿಚ್ಚಿ.

ಚಿಕ್ಕಪ್ಪ ಲಿಖಿತ ದೂರು ಕೊಟ್ಟಿದ್ದಾರೆ. ನಿಮ್ಮಲ್ಲೂ ಯಾರಾದರೂ ಇಂಥ ಕ್ಯಾನ್ ತೆಗೆದುಕೊಂಡಿದ್ದರೆ ಎಸೆಯಬೇಡಿ. ಸೀಲ್ ಒಡೆದಿಲ್ಲದಿದ್ದರೆ ಇನ್ನೂ ಒಳ್ಳೆಯದು. ಲೇಬಲಿನ ನಾಲ್ಕೂ ಬದಿಯ ಫೋಟೊ, ಫೋನ್‌ಪೇ ಮಾಡಿದ್ದರೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಕೀಟನಾಶಕ ಪರಿವೀಕ್ಷಕರ ಹೆಸರಿಗೆ ದೂರು ಬರೆದು ಸ್ವೀಕೃತಿ ಪಡೆಯಿರಿ. ನಮ್ಮದು ಒಂದೇ ದೂರಾದರೆ ಕಡತದಲ್ಲೇ ಕೂರಬಹುದು, ನಾಲ್ಕಾರು ಮನೆಯವರು ಸೇರಿದರೆ ತಳ್ಳಿಹಾಕುವುದು ಕಷ್ಟ.