ಶಾಲೆಯ ದತ್ತಿಹಣ: ಛಾವಣಿಗೆ ಸೋಲಾರಾ, ವಿದ್ಯುತ್ ಕಂಪನಿಯ ಬಾಂಡಾ?

ಸಾಗರದ ಕಡೆಯ ನಮ್ಮ ಶಾಲಾ ಟ್ರಸ್ಟಿನಲ್ಲಿ ಈಗ ಇದೇ ಚರ್ಚೆ. ದತ್ತಿಹಣವನ್ನು ಇಪ್ಪತ್ತು ವರ್ಷ ಮುಟ್ಟುವುದಿಲ್ಲ, ಅದು ಸ್ವಚ್ಛ ವಿದ್ಯುತ್ತಿಗೇ ಹೋಗಬೇಕು ಅನ್ನುವುದು ಎಲ್ಲರ ಆಸೆ. ನಿಮ್ಮ ಸಂಸ್ಥೆಯೂ ಹೀಗೇ ಯೋಚಿಸುತ್ತಿದ್ದರೆ ಓದಿ.

ಬಾಂಡ್ ಅಂದರೆ ಕಂಪನಿಗೆ ನಾವು ಕೊಡುವ ಸಾಲ. ಬಡ್ಡಿ ನಿಗದಿ, ಅಸಲು ಕೊನೆಗೆ. 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಇವತ್ತಿಗೂ ಟರ್ಬೈನ್ ತಿರುಗಿಸುತ್ತಿದೆ. ಇಷ್ಟು ಕಾಲ ಬಾಳುವ ಆಸ್ತಿಗೆ ಅವಸರವಿಲ್ಲದ ಹಣವೇ ಬೇಕು. ಎಲ್‌ಐಸಿ, ಪಿಂಚಣಿ ನಿಧಿಗಳ ಹಣಕ್ಕೂ ಅವಸರವಿಲ್ಲ; ಅವಕ್ಕೆ ದೀರ್ಘಾವಧಿ ಬಾಂಡ್ ಒಗ್ಗುವುದು ಇದಕ್ಕೇ. ಆದರೆ ಮಧ್ಯದಲ್ಲಿ ಹಣ ಬೇಕಾದರೆ ಕಷ್ಟ. ಮಾರುಕಟ್ಟೆಯಲ್ಲಿ ಬಡ್ಡಿ ಏರಿದ್ದರೆ ಬಾಂಡ್ ಬೆಲೆ ಇಳಿದಿರುತ್ತದೆ, ಕೊಳ್ಳುವವರೂ ಕಡಿಮೆ. ರೇಟಿಂಗ್ (ಕಂಪನಿ ಸಾಲ ತೀರಿಸುವ ಭರವಸೆಗೆ ಕೊಡುವ ದರ್ಜೆ), ಸರ್ಕಾರದ ಗ್ಯಾರಂಟಿ ಎರಡನ್ನೂ ನೋಡಿ.

ಛಾವಣಿಯ ಸೋಲಾರ್ ಬೇರೆ ಥರ. ಬಡ್ಡಿ ಬರುವುದಿಲ್ಲ, ಕರೆಂಟ್ ಬಿಲ್ ಇಳಿಯುತ್ತದೆ. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಉತ್ಪಾದನಾ ವಾರಂಟಿ ಇರುತ್ತದೆ; ಪ್ಯಾನೆಲ್‌ನ ಕರೆಂಟನ್ನು ಬಳಕೆಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರನ್ನು ಮಧ್ಯೆ ಬದಲಿಸಬೇಕಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿದರೆ ಉತ್ಪಾದನೆ ಕುಸಿಯುತ್ತದೆ. ಮೊನ್ನೆ ಏಣಿ ಹಾಕಿ ಹತ್ತಿ ನೋಡಿದೆ. ಹೆಂಚಿನ ಮೇಲೆ ಪಾಚಿ, ಹನ್ನೊಂದು ಗಂಟೆಗೂ ಅರ್ಧ ಛಾವಣಿಗೆ ಹಲಸಿನ ಮರದ ನೆರಳು. ಒಳ್ಳೆಯ ಬಿಸಿಲಿರುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೇ ರಜೆ ಅಲ್ವಾ? ಹೆಚ್ಚಾದ ಕರೆಂಟನ್ನು ಲೈನಿಗೆ ಕೊಟ್ಟದ್ದರ ಲೆಕ್ಕ ಹಿಡಿಯುವ ನೆಟ್ ಮೀಟರ್ ಇಲ್ಲದಿದ್ದರೆ ಆ ಕರೆಂಟ್ ಸುಮ್ನೆ ಹೋಗುತ್ತದೆ. ಹಾಗಾಗಿ ನಮ್ಮ ಕಡೆಗೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂ ಒಪ್ಪಿಗೆ ಮೊದಲು.

ನನ್ನ ಮಾತು ಇಷ್ಟು. ಹಗಲಿಡೀ ಫ್ಯಾನ್, ಕಂಪ್ಯೂಟರ್ ಓಡುವಷ್ಟು ಸೋಲಾರ್ ಹಾಕಿ, ಉಳಿದದ್ದು ಬಾಂಡಿಗೆ. ಟ್ರಸ್ಟಿನ ಹಣ ಎಲ್ಲಿಡಬಹುದು ಎಂಬುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ನಿಯಮವಿದೆ. ಆಡಿಟರನ್ನು ಕೇಳಿಯೇ ಸಹಿ ಹಾಕಿ. ಹಲಸಿನ ಮರ ಕಡಿಯುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಪ್ಯಾನೆಲ್ ಊಟದ ಹಾಲ್ ಮೇಲೆ ಹೋಗಲಿ.