ಸೈಕಾಲಜಿ ಟೀಚಿಂಗ್ ಪ್ಯಾಕೇಜ್: ಕ್ವಿಜ್ ಚೆನ್ನಾಗಿದೆ, ಉಳಿದದ್ದನ್ನು ನೋಡಿಕೊಂಡು ಬಳಸಿ

ಪದವಿ ಮೊದಲ ವರ್ಷದ ಸೈಕಾಲಜಿ ಪುಸ್ತಕದ ಜೊತೆ ಪಾಠ ಮಾಡುವವರಿಗಾಗಿ ಒಂದು ಪ್ಯಾಕೇಜ್ ಬರುತ್ತದೆ. ಸ್ಲೈಡ್‌ಗಳು, ಚಿಕ್ಕ ಚಿಕ್ಕ ವಿಡಿಯೋಗಳು, ಪ್ರಶ್ನೆ ಬ್ಯಾಂಕ್, ಕ್ಲಾಸಿನಲ್ಲಿ ಮಾಡಿಸೋಕೆ ಚಟುವಟಿಕೆ ಹಾಳೆಗಳು. ನಾನು ಒಂದು ಸೆಮಿಸ್ಟರ್ ಪೂರ್ತಿ ಇದನ್ನೇ ಬಳಸಿದೆ. ಪ್ರಕಾಶಕರ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಹಿಂದೆ ನೋಡಿದ ಇನ್ನೆರಡು ಪ್ಯಾಕೇಜ್‌ಗಳಲ್ಲೂ ಇವೇ ತೊಂದರೆಗಳಿದ್ದವು. 5ಕ್ಕೆ 3 ಸ್ಟಾರ್ ಕೊಡುತ್ತೇನೆ, ಆ ಮೂರೂ ಪ್ರಶ್ನೆ ಬ್ಯಾಂಕಿಗೆ.

ಸ್ಲೈಡ್‌ಗಳ ವಿಷಯ ಮೊದಲು. ನೋಡೋಕೆ ಅಚ್ಚುಕಟ್ಟಾಗಿವೆ. ಆದರೆ ಹಳೇ ಪ್ರಸಿದ್ಧ ಪ್ರಯೋಗಗಳನ್ನೆಲ್ಲ ಮುಗಿದುಹೋದ ಕಥೆಯ ಹಾಗೆ ಹೇಳಿಬಿಡುತ್ತವೆ. ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದ ಸ್ಲೈಡ್ ನೋಡಿ: 1971, ಕೈದಿ ಮತ್ತು ಕಾವಲುಗಾರರ ಪಾತ್ರಕ್ಕೆ 24 ಯುವಕರು, ಎರಡು ವಾರ ಅಂತ ಶುರುವಾದದ್ದು 6 ದಿನಕ್ಕೇ ನಿಂತಿತು. ಕೆಳಗೆ ದಪ್ಪಕ್ಷರದಲ್ಲಿ ತೀರ್ಮಾನ, ಪಾತ್ರ ಕೊಟ್ಟರೆ ಸಾಮಾನ್ಯ ಮನುಷ್ಯನೂ ಕ್ರೂರಿಯಾಗುತ್ತಾನೆ ಅಂತ. ನಾನು ಅದನ್ನು ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಮೇಡಂ, ಅಲ್ಲಿ ಕಾವಲುಗಾರರಿಗೆ ಮೊದಲೇ ಹೇಳಿಕೊಟ್ಟಿದ್ರಂತೆ, ಹೌದಾ?"

ಹೌದು. 2019ರಲ್ಲಿ ತಿಬೋ ಲೆ ಟೆಕ್ಸಿಯೆ ಎಂಬ ಸಂಶೋಧಕರು ಆ ಪ್ರಯೋಗದ ಹಳೇ ದಾಖಲೆ, ರೆಕಾರ್ಡಿಂಗ್‌ಗಳನ್ನು ಕೆದಕಿ ಒಂದು ಪ್ರಬಂಧ ಪ್ರಕಟಿಸಿದರು. ಹೇಗಿರಬೇಕು ಅಂತ ಕಾವಲುಗಾರರಿಗೆ ಸೂಚನೆ ಸಿಕ್ಕಿತ್ತು, ಮೆತ್ತಗಿದ್ದವನಿಗೆ ಇನ್ನೂ ಗಟ್ಟಿಯಾಗು ಅಂತ ಒತ್ತಾಯ ಮಾಡಿದ್ದರು ಅಂತ ತೋರಿಸಿದರು. ಪ್ರಯೋಗ ನಡೆಸಿದ ಜಿಂಬಾರ್ಡೊ ಟೀಕೆಗಳನ್ನು ಒಪ್ಪಲಿಲ್ಲ. ಇದೊಂದು ಒಳ್ಳೇ ಜಗಳ, ಕ್ಲಾಸಿನಲ್ಲಿ ಒಂದು ಗಂಟೆ ಮಾತಾಡಿಸಬಹುದಾದಷ್ಟು ಒಳ್ಳೇ ಜಗಳ. ಸ್ಲೈಡಿನಲ್ಲಿ ಇದರ ಸುಳಿವೇ ಇಲ್ಲ. ಕೇಳಿದ ಹುಡುಗ ನನಗಿಂತ ಮುಂದಿದ್ದ ಅಂತಲ್ಲ, ನನಗೂ ಗೊತ್ತಿತ್ತು. ಆದರೆ ಪರದೆ ಮೇಲೆ ಒಂದಿದ್ದು ಬಾಯಲ್ಲಿ ಇನ್ನೊಂದು ಹೇಳಿದರೆ ಮಕ್ಕಳು ಯಾವುದನ್ನು ನೋಟ್ಸ್‌ನಲ್ಲಿ ಬರೆದುಕೊಳ್ಳಬೇಕು? ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?

1964ರ ಕಿಟ್ಟಿ ಜೆನೊವೀಸ್ ಕೊಲೆಯ ಸ್ಲೈಡ್ ಕೂಡ ಹೀಗೇ. 38 ಜನ ಕಿಟಕಿಯಿಂದ ನೋಡುತ್ತಾ ನಿಂತರು, ಒಬ್ಬರೂ ಏನೂ ಮಾಡಲಿಲ್ಲ ಅಂತ ಇದೆ. ಆ ವರದಿ ಪ್ರಕಟಿಸಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ 2016ರಲ್ಲಿ ಅದರಲ್ಲಿ ತಪ್ಪುಗಳಿದ್ದವು ಅಂತ ಒಪ್ಪಿಕೊಂಡಿದೆ. ಆದರೆ ಆ ಸುದ್ದಿ ಓದಿ, ಸುತ್ತ ಜನ ಹೆಚ್ಚಿದ್ದಷ್ಟೂ ಒಬ್ಬೊಬ್ಬರು ಸಹಾಯಕ್ಕೆ ಮುಂದಾಗುವುದು ಕಡಿಮೆಯಾಗುತ್ತದೆಯೇ ಅಂತ ನೋಡಲು ಡಾರ್ಲಿ ಮತ್ತು ಲಾಟಾನೆ ಎಂಬ ಸಂಶೋಧಕರು ಮಾಡಿ 1968ರಲ್ಲಿ ಪ್ರಕಟಿಸಿದ ಪ್ರಯೋಗ ಇವತ್ತಿಗೂ ಪಾಠ ಮಾಡಲು ಯೋಗ್ಯ. ಕಥೆ ಅಲುಗಾಡಿತು, ಅದರಿಂದ ಹುಟ್ಟಿದ ಪ್ರಶ್ನೆ ಉಳಿಯಿತು. ಸೈಕಾಲಜಿ ಓದುವವರು ಕಲಿಯಬೇಕಾದದ್ದು ಇದನ್ನೇ ಅಲ್ವಾ?

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಅನುಮಾನಗಳನ್ನೇ ಹೇಳುತ್ತಾ ಹೋದರೆ ಮಕ್ಕಳು ಇಡೀ ವಿಷಯವನ್ನೇ ಕೈಬಿಡುತ್ತಾರೆ. 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು ಶೇ. 36ರಲ್ಲಿ ಮಾತ್ರ ಅಂಕಿಅಂಶದ ಲೆಕ್ಕದಲ್ಲಿ ಗಟ್ಟಿ ಫಲಿತಾಂಶ ಸಿಕ್ಕಿತು ಅಂತ ನಾನು ಹೇಳಿದ ದಿನ ಒಬ್ಬಳು ನೇರವಾಗಿ ಕೇಳಿದಳು, "ಹಾಗಾದ್ರೆ ನಾವು ಇದನ್ನ ಯಾಕೆ ಓದ್ಬೇಕು ಮೇಡಂ?" ಉತ್ತರ ಮಾತಿನಲ್ಲಿ ಕೊಡಲಿಲ್ಲ. ಮಾರನೇ ದಿನ ಸ್ಟ್ರೂಪ್ ಪರೀಕ್ಷೆ ಮಾಡಿಸಿದೆ. 1935ರದ್ದು, ಇವತ್ತಿಗೂ ಯಾವ ಕ್ಲಾಸಿನಲ್ಲಿ ಮಾಡಿಸಿದರೂ ಕಣ್ಣೆದುರಿಗೇ ಕಾಣಿಸುತ್ತದೆ. ಪ್ಯಾಕೇಜಿನ ಹಾಳೆ ಇಂಗ್ಲಿಷ್‌ನಲ್ಲಿತ್ತು, ಮಕ್ಕಳು ಸರಾಗವಾಗಿ ಓದುವ ಭಾಷೆಯಲ್ಲಿ ಇಲ್ಲದಿದ್ದರೆ ತಡವರಿಕೆ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ನಾನೇ ಕನ್ನಡದಲ್ಲಿ ಬರೆದೆ. "ಕೆಂಪು" ಅನ್ನೋ ಪದ ನೀಲಿ ಬಣ್ಣದಲ್ಲಿ, "ಹಸಿರು" ಹಳದಿಯಲ್ಲಿ. ಪದ ಓದಬೇಡಿ, ಬಣ್ಣ ಹೇಳಿ ಅಂದೆ. ಆ ಪ್ರಶ್ನೆ ಕೇಳಿದ್ದ ಹುಡುಗಿಯೇ ಮೂರನೇ ಪದದಲ್ಲಿ ತಡವರಿಸಿ ನಿಂತಳು, ಮತ್ತೆ ಮೊದಲಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಳು. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ವಿಡಿಯೋಗಳು ಪರವಾಗಿಲ್ಲ. "ನೀವು ಕಣ್ಣಿನಿಂದ ಕಲಿಯುವವರೋ, ಕಿವಿಯಿಂದ ಕಲಿಯುವವರೋ" ಅನ್ನೋ ವಿಡಿಯೋ ಮಾತ್ರ ತೋರಿಸಬೇಡಿ. ಹಾಗೆ ವಿಂಗಡಿಸಿ ಪಾಠ ಮಾಡಿದರೆ ಜಾಸ್ತಿ ಕಲಿಯುತ್ತಾರೆ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ 2008ರಲ್ಲೇ ಪ್ಯಾಶ್ಲರ್ ಮತ್ತು ಜೊತೆಗಾರರು ಬರೆದಿದ್ದಾರೆ.

ಈಗ ನನಗೆ ನಿಜವಾಗಿ ಬೇಜಾರಾದ ಭಾಗ. ಮಾನಸಿಕ ಕಾಯಿಲೆಗಳ ಅಧ್ಯಾಯಕ್ಕೆ ಒಂದು ಚಟುವಟಿಕೆ ಹಾಳೆ ಇದೆ. ಅದು ಪಿಎಚ್‌ಕ್ಯೂ-9, ಅಂದರೆ ಖಿನ್ನತೆ ಇರಬಹುದೇ ಅಂತ ಮೊದಲ ಹಂತದಲ್ಲಿ ನೋಡಲು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಹಾಳೆಯಲ್ಲಿ ಕೊಟ್ಟ ಸೂಚನೆ: ತುಂಬಿ, ಅಂಕ ಕೂಡಿಸಿ, ಪಕ್ಕದವರ ಜೊತೆ ಹೋಲಿಸಿ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದನ್ನು ಅರವತ್ತು ಜನರ ಕ್ಲಾಸಿನಲ್ಲಿ ಪಕ್ಕದವರ ಜೊತೆ ಹೋಲಿಸಬೇಕಂತೆ.

ನಾನು ಸೂಚನೆಯನ್ನು ಕೊನೆವರೆಗೂ ಓದದೆ ಹಾಳೆ ಹಂಚಿದ್ದೆ. ತಪ್ಪು ನನ್ನದೂ ಇದೆ. ಐದು ನಿಮಿಷ ಆಗಿರಬಹುದು, ಒಂದು ಕಡೆ ಪೆನ್ನು ಓಡುವುದು ನಿಂತಿತ್ತು. ಆ ಹಾಳೆ ಮಗುಚಿ ಬಿದ್ದಿತ್ತು, ಅದರ ಮೇಲೆ ಅಂಗೈ ಒತ್ತಿ ಇಟ್ಟಿತ್ತು. ತಕ್ಷಣ ಎಲ್ಲರಿಗೂ ನಿಲ್ಲಿಸಿ ಅಂದೆ, ಹಾಳೆ ನಿಮ್ಮ ಹತ್ತಿರವೇ ಇರಲಿ, ಯಾರಿಗೂ ತೋರಿಸಬೇಕಾಗಿಲ್ಲ ಅಂದೆ. ಕ್ಲಾಸ್ ಮುಗಿದ ಮೇಲೆ ಆ ವಿದ್ಯಾರ್ಥಿ ಬಂದು ಕೇಳಿದ್ದು ಒಂದೇ ಮಾತು: "ಇದನ್ನ ಯಾರು ಯಾರು ನೋಡ್ತಾರೆ?" ಇಬ್ಬರೂ ನಡೆದುಕೊಂಡೇ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದೆವು. ಅದಕ್ಕಿಂತ ಜಾಸ್ತಿ ಇಲ್ಲಿ ಬರೆಯುವುದಿಲ್ಲ.

ಸೈಕಾಲಜಿ ಪಾಠಕ್ಕೂ ಬೇರೆ ಪಾಠಕ್ಕೂ ಇರುವ ವ್ಯತ್ಯಾಸ ಇದೇ. ಕ್ಲಾಸಿನಲ್ಲಿ ಕೂತವರಲ್ಲಿ ಕೆಲವರು ಈ ಅಧ್ಯಾಯವನ್ನು ಬದುಕುತ್ತಿರುತ್ತಾರೆ. "ನನಗೆ ಓಸಿಡಿ ಇದೆಯಾ ಮೇಡಂ" (ಒಂದೇ ಯೋಚನೆ, ಒಂದೇ ಕೆಲಸ ಬೇಡವೆಂದರೂ ಮತ್ತೆ ಮತ್ತೆ ಕಾಡುವ ಕಾಯಿಲೆ) ಅಂತ ಕಾರಿಡಾರ್‌ನಲ್ಲಿ ಕೇಳುವವರು ಪ್ರತಿ ವರ್ಷ ಇರುತ್ತಾರೆ. ನಾವು ಪಾಠ ಮಾಡುವವರು, ಕಾಯಿಲೆ ಗುರುತಿಸುವುದು ನಮ್ಮ ಕೆಲಸವಲ್ಲ. ಈಗ ನಾನು ಮೊದಲ ದಿನವೇ ಹೇಳಿಬಿಡುತ್ತೇನೆ: ಸ್ವಂತ ವಿಷಯ ಹೇಳಲೇಬೇಕಾದ ಚಟುವಟಿಕೆ ಇಲ್ಲಿ ಇರುವುದಿಲ್ಲ, ಕೌನ್ಸೆಲರ್ ಯಾವ ಕೋಣೆಯಲ್ಲಿ ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿದ್ದೇನೆ. ಆ ಹಾಳೆಯ ಬದಲು ಕಲ್ಪಿತ ವ್ಯಕ್ತಿಗಳ ಪುಟ್ಟ ಪ್ರಕರಣಗಳನ್ನು ಕೊಡುತ್ತೇನೆ.

ಪ್ರಶ್ನೆ ಬ್ಯಾಂಕಿಗೆ ಬರೋಣ, ಹಣ ಕೊಟ್ಟು ತಗೊಳ್ಳುವ ಹಾಗಿರುವುದು ಇದೊಂದೇ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆದು ಬರೆಯುವುದು ಹೆಚ್ಚು ದಿನ ಉಳಿಯುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ, ಒಂದು ವಾರದ ನಂತರ ಕೇಳಿದರೆ ಪರೀಕ್ಷೆ ಬರೆದವರು ಮುಂದೆ. ಹಾಗಾಗಿ ಪ್ರತಿ ಕ್ಲಾಸಿನ ಶುರುವಿಗೆ ಹಿಂದಿನ ವಾರದ ಐದು ಪ್ರಶ್ನೆ ಹಾಕುತ್ತೇನೆ, ಅಂಕ ಲೆಕ್ಕಕ್ಕಿಲ್ಲ. ಒಳ್ಳೇ ಪ್ರಶ್ನೆಗಳು ನಿಜಕ್ಕೂ ಚೆನ್ನಾಗಿವೆ. ಸೀಟ್ ಬೆಲ್ಟ್ ಹಾಕುವವರೆಗೂ ಕಾರು ಬೀಪ್ ಅನ್ನುತ್ತದೆ, ಹಾಕಿದ ತಕ್ಷಣ ನಿಲ್ಲುತ್ತದೆ, ಇದೇನು? ಅರ್ಧ ಕ್ಲಾಸ್ ಶಿಕ್ಷೆ ಅಂದಿತು. ಅಲ್ಲ, ಅದು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್: ಕಿರಿಕಿರಿ ಹೋಗಲಿ ಅಂತ ಬೆಲ್ಟ್ ಹಾಕುವ ಅಭ್ಯಾಸ ಗಟ್ಟಿಯಾಗುತ್ತದೆ. ಆದರೆ ಅದೇ ಅಧ್ಯಾಯದ ಇನ್ನೊಂದು ಪ್ರಶ್ನೆಯ ಉತ್ತರದಲ್ಲಿ ಬೈಯುವುದನ್ನೂ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂತಲೇ ಕೊಟ್ಟಿದ್ದಾರೆ. ತಪ್ಪು. ಬೈದು ಒಂದು ನಡವಳಿಕೆ ಕಡಿಮೆಯಾದರೆ ಅದು ಶಿಕ್ಷೆ. ಉತ್ತರಗಳನ್ನು ಒಮ್ಮೆ ನೀವೇ ನೋಡಿ ಆಮೇಲೆ ಹಾಕಿ.

ಪ್ರಕಾಶಕರಿಗೆ ಎರಡು ಸಲ ಬರೆದೆ. ಮುಂದಿನ ಆವೃತ್ತಿಯಲ್ಲಿ ಗಮನಿಸುತ್ತೇವೆ ಅಂತ ಉತ್ತರ ಬಂತು. ಆ ಒಂಬತ್ತು ಪ್ರಶ್ನೆಗಳ ಹಾಳೆ ಇವತ್ತು ಬೆಳಿಗ್ಗೆ ನೋಡಿದಾಗಲೂ ಡೌನ್‌ಲೋಡ್ ಆಗುತ್ತಿತ್ತು. ನಿಮ್ಮ ಪ್ಯಾಕೇಜಿನಲ್ಲೂ ಅಂಥದ್ದು ಇದೆಯಾ ಅಂತ ಸೆಮಿಸ್ಟರ್ ಶುರುವಾಗುವ ಮುಂಚೆಯೇ ನೋಡಿ, ಇದ್ದರೆ ತೆಗೆದುಹಾಕಿ.