ಬೆಳಗ್ಗೆ 174, ಸಂಜೆ 41: ಬಾಡಿಗೆ ಕ್ಯೂಬಿಟ್ ಜೊತೆ ಒಂದು ತಿಂಗಳು

ಕ್ವಾಂಟಮ್ ಕಂಪ್ಯೂಟರನ್ನು ಕ್ಲೌಡ್‌ನಲ್ಲಿ ಬಾಡಿಗೆಗೆ ಕೊಡುವ ಕಂಪನಿಯೊಂದರ ಸೇವೆ ಒಂದು ತಿಂಗಳು ಬಳಸಿದೆ. ಹೆಸರು ಬೇಡ, ಸುಮ್ನೆ ಜಗಳ ಯಾಕೆ. ಲಾಗಿನ್ ಸಲೀಸು. ಕ್ಯೂ ಮಾತ್ರ ಕೆಲವು ದಿನ ರೇಷನ್ ಅಂಗಡಿ ಸಾಲಿನ ಹಾಗೆ, ಮುಂದಕ್ಕೇ ಹೋಗುವುದಿಲ್ಲ. ಅದನ್ನಾದರೂ ಸಹಿಸಬಹುದು, ನನ್ನ ತಕರಾರು ಅವರು ತೋರಿಸುವ ಒಂದು ಅಂಕಿಯ ಮೇಲೆ.

ಪ್ರತಿ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್, ಮಾಹಿತಿ ಇಡುವ ಮೂಲ ತುಣುಕು) ಪಕ್ಕ ಟಿ1 ಅಂತ ಬರೆದಿರುತ್ತದೆ. ಕ್ಯೂಬಿಟ್‌ಗೆ ತುಂಬಿದ ಎನರ್ಜಿ ಸೋರಿಹೋಗದೆ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವ ಲೆಕ್ಕ ಅದು. ನಾನು ಆರಿಸಿದ್ದಕ್ಕೆ 180 ಮೈಕ್ರೋಸೆಕೆಂಡ್ ಅಂತಿತ್ತು. ಬೆಳಗ್ಗೆ ನಾನೇ ಅಳೆದೆ: 1 ಹಾಕು, ಸ್ವಲ್ಪ ಕಾಯಿ, ಓದು, ಕಾಯುವ ಹೊತ್ತು ಹೆಚ್ಚಿಸುತ್ತಾ ಮತ್ತೆ ಮತ್ತೆ ಅದನ್ನೇ ಮಾಡು. 174 ಬಂತು. ಸಂಜೆ ಕಾಫಿ ಕುಡಿದು ಅದೇ ಕೋಡ್ ಓಡಿಸಿದರೆ 41! ನನ್ನದೇ ತಪ್ಪೇನೋ ಅಂತ ಎರಡು ಗಂಟೆ ತಲೆ ಕೆಡಿಸಿಕೊಂಡೆ. ಪಕ್ಕದ ಕ್ಯೂಬಿಟ್ ನೋಡಿದರೆ ಬೆಳಗ್ಗೆ ಇದ್ದಷ್ಟೇ ಇದೆ.

ಇದು ಚಿಪ್ಪಿನ ವಸ್ತುವಿನಲ್ಲೇ ಇರುವ ಕಾಟ. ಚಿಪ್ ಮಾಡುವ ಲೋಹಗಳಾದ ಅಲ್ಯೂಮಿನಿಯಂ, ನಯೋಬಿಯಂಗೆ ಗಾಳಿ ತಾಗಿದರೆ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಕಟ್ಟುತ್ತದೆ. ಅದರೊಳಗೆ ಪರಮಾಣುಗಳು ಗಾಜಿನಲ್ಲಿರುವ ಹಾಗೆ ಅಡ್ಡಾದಿಡ್ಡಿ. ಕೆಲವಂತೂ 10-20 ಮಿಲಿಕೆಲ್ವಿನ್ ಚಳಿಯಲ್ಲೂ ನಿದ್ದೆ ಬಾರದವರ ಹಾಗೆ ಆ ಮಗ್ಗುಲು, ಈ ಮಗ್ಗುಲು ಹೊರಳುತ್ತಿರುತ್ತವೆ. ಇವಕ್ಕೆ ಟಿಎಲ್‌ಎಸ್ (ಟು-ಲೆವೆಲ್ ಸಿಸ್ಟಮ್, ಎರಡು ಸ್ಥಿತಿಗಳ ನಡುವೆ ಹೊರಳುವ ದೋಷ) ಅನ್ನುತ್ತಾರೆ. ಇಂಥ ಒಂದು ದೋಷದ ಫ್ರೀಕ್ವೆನ್ಸಿ ಕ್ಯೂಬಿಟ್‌ನ 5 ಗಿಗಾಹರ್ಟ್ಸ್ ಆಸುಪಾಸಿನ ಫ್ರೀಕ್ವೆನ್ಸಿಗೆ ಹೊಂದಿಕೊಂಡಿತೋ, ಎನರ್ಜಿ ಅಲ್ಲಿಗೆ ಸೋರುತ್ತದೆ. ಆ ಫ್ರೀಕ್ವೆನ್ಸಿ ತಾನಾಗೇ ಜಾರಾಡುತ್ತಲೂ ಇರುತ್ತದೆ. ಬೆಳಗ್ಗೆ ದೂರ ಇದ್ದದ್ದು ಸಂಜೆ ಬಂದು ನನ್ನ ಕ್ಯೂಬಿಟ್ ಪಕ್ಕವೇ ಕೂತಿರಬೇಕು.

ಈ ಕಂಪನಿ ಒಂದನ್ನೇ ಬೈದು ಪ್ರಯೋಜನ ಇಲ್ಲ ಬಿಡಿ. ಜಾನ್ ಮಾರ್ಟಿನಿಸ್ ತಂಡ 2005ರಲ್ಲೇ ಈ ಸೋರಿಕೆಯನ್ನು ತೋರಿಸಿತ್ತು (2025ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು, ಅವರೇ). 2021ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ನಯೋಬಿಯಂ ಬದಲು ಟ್ಯಾಂಟಲಮ್ ಅನ್ನುವ ಲೋಹ ಹಾಕಿ ಟಿ1 ಅನ್ನು 0.3 ಮಿಲಿಸೆಕೆಂಡ್ (300 ಮೈಕ್ರೋಸೆಕೆಂಡ್) ದಾಟಿಸಿದರು. ಕಟುವಾದ ಆಸಿಡ್‌ನಲ್ಲಿ ತೊಳೆದರೂ ಟ್ಯಾಂಟಲಮ್ ತಡೆದುಕೊಳ್ಳುತ್ತದೆ, ಅದಕ್ಕೇ ಮೇಲ್ಮೈ ಜಾಸ್ತಿ ಚೊಕ್ಕ.

5ಕ್ಕೆ 3 ಕೊಡುತ್ತೇನೆ. ದೋಷ ಇರಲಿ, ಆದರೆ ದಿನಕ್ಕೊಂದು ಅಂಕಿ ಅಂಟಿಸುವ ಬದಲು 24 ಗಂಟೆಯ ಏರಿಳಿತ ತೋರಿಸಬಹುದಲ್ವಾ? ಬಳಸುವವರು ದೊಡ್ಡ ಕೆಲಸ ಕಳಿಸುವ ಮೊದಲು ಟಿ1 ನೀವೇ ಅಳೆಯಿರಿ, ದುಡ್ಡು ಉಳಿಯುತ್ತದೆ. ಸಪೋರ್ಟ್‌ಗೆ ಬರೆದಿದ್ದೆ. ಮೂರು ದಿನ ಬಿಟ್ಟು "ಕ್ಯಾಲಿಬ್ರೇಷನ್ ಪುಟ ನೋಡಿ" ಅಂತ ಉತ್ತರ ಬಂತು. ನೋಡಿದೆ. 180 ಅಂತಲೇ ಇತ್ತು.